ಹುಲಿಯ ಉಗುರು ಯಾರ ರಕ್ಷೆ?

2023ರ ಅಕ್ಟೋಬರ್‌ನಲ್ಲಿ ಬಿಗ್ ಬಾಸ್ ಸ್ಪರ್ಧಿಯೊಬ್ಬರ ಕೊರಳಲ್ಲಿ ಹುಲಿ ಉಗುರಿನ ಲಾಕೆಟ್ ಕಂಡಿತೆಂಬ ದೂರಿನ ಮೇಲೆ ಅರಣ್ಯ ಇಲಾಖೆಯವರು ಅವರನ್ನು ಬಂಧಿಸಿ ಕರೆದೊಯ್ದಾಗ ಕರ್ನಾಟಕದ ಎಷ್ಟೋ ಮನೆಗಳಲ್ಲಿ ತಿಜೋರಿಯ ಬಾಗಿಲು ತೆರೆದಿರಬೇಕು. ಮುಂದಿನ ಕೆಲವು ದಿನ ನಟರು, ರಾಜಕಾರಣಿಗಳು, ಸ್ವಾಮೀಜಿಗಳ ಹಳೆಯ ಫೋಟೋಗಳನ್ನು ಜನ ಹುಡುಕಿ ಹುಡುಕಿ ಹೊರಗೆ ತೆಗೆದರು. ಒಬ್ಬರು ಅದು ಪ್ಲಾಸ್ಟಿಕ್ಕಿನದು ಎಂದರು, ಇನ್ನೊಬ್ಬರು ಹಿರಿಯರು ಕೊಟ್ಟದ್ದು ಎಂದರು, ಮತ್ತೊಬ್ಬರು ಉಡುಗೊರೆ ಬಂದದ್ದು ಎಂದರು. ಕಾನೂನಿನ ಮಟ್ಟಿಗೆ ಉತ್ತರ ಸರಳ. ಹುಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿರುವ ಪ್ರಾಣಿ; ಒಡೆತನದ ಪ್ರಮಾಣಪತ್ರವಿಲ್ಲದೆ ಅದರ ಉಗುರು ಇಟ್ಟುಕೊಂಡವರಿಗೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. ಆದರೆ ಆಗ ಟೀವಿ ಚರ್ಚೆಗಳಲ್ಲಿ ಕಾನೂನಿನ ಮಾತಿಗಿಂತ ಹೆಚ್ಚಾಗಿ ಕೇಳಿಬಂದದ್ದು ಇನ್ನೊಂದು ಮಾತು: ಇದು ನಮ್ಮ ಸಂಪ್ರದಾಯ, ನಮ್ಮ ನಂಬಿಕೆ, ಮಕ್ಕಳ ಕೊರಳಿಗೆ ರಕ್ಷೆ ಎಂದು ಕಟ್ಟಿಕೊಂಡು ಬಂದದ್ದು. ಈ ಮಾತಿಗೆ ಪೊಲೀಸ್ ಠಾಣೆಯಲ್ಲಿ ಉತ್ತರವಿಲ್ಲ. ಧರ್ಮದ ಹೆಸರಿನಲ್ಲಿ ಎದ್ದ ಮಾತಿಗೆ ಧರ್ಮದೊಳಗೇ ಉತ್ತರ ಹುಡುಕಬೇಕು. ಹುಲಿಯ ಉಗುರು ಹುಲಿಯಿಂದ ಬೇರೆಯಾದ ಮೇಲೂ ಅದರಲ್ಲಿ ಏನಾದರೂ ಉಳಿದಿರುತ್ತದೆಯೇ, ಅದು ನಮ್ಮನ್ನು ಕಾಯಬಲ್ಲುದೇ ಎಂಬುದೇ ಇಲ್ಲಿನ ಪ್ರಶ್ನೆ.

ಈ ಪ್ರಶ್ನೆ ಕೇಳಲು ಖಾನಾಪುರ ತಾಲ್ಲೂಕಿನ ಬೀಡಿ ತಕ್ಕ ಊರು. ಅದರ ನೆರೆಯಲ್ಲಿ ಭೂವರಾಹ ನರಸಿಂಹ ಗುಡಿಯ ಹಲಸಿ ಇದೆ. ಡೋಹರ ಕಕ್ಕಯ್ಯನವರ ಸಮಾಧಿ ಇರುವ ಕಕ್ಕೇರಿಯೂ ಹತ್ತಿರವೇ. ಪಶ್ಚಿಮಕ್ಕೆ ಹೋದರೆ ಭೀಮಗಡದ ಕಾಡು. 2011ರಲ್ಲಿ ವನ್ಯಜೀವಿಧಾಮವೆಂದು ಘೋಷಣೆಯಾದ ಸುಮಾರು 190 ಚದರ ಕಿಲೋಮೀಟರ್ ಪ್ರದೇಶ. ಗುಡಿಯನ್ನೂ ಸಮಾಧಿಯನ್ನೂ ನೋಡುವ ಮೊದಲು ಕಾಡಿನ ಕಡೆ ನೋಡುವುದು ಒಳ್ಳೆಯದು, ಏಕೆಂದರೆ ಉಗುರು ಏನು ಮಾಡುತ್ತದೆ ಎಂದು ತಿಳಿಯದೆ ಅದರ ಶಕ್ತಿಯ ಬಗ್ಗೆ ಮಾತಾಡಿ ಫಲವಿಲ್ಲ. ಹುಲಿಗೆ ಮುಂಗಾಲಿಗೆ ಐದೈದು, ಹಿಂಗಾಲಿಗೆ ನಾಲ್ಕು ನಾಲ್ಕು, ಒಟ್ಟು 18 ಉಗುರು. ಪ್ರತಿಯೊಂದೂ ಬೆರಳಿನ ಕೊನೆಯ ಎಲುಬಿನ ಮೇಲೆ ಕೆರಾಟಿನ್ ಪದರಗಳಿಂದ ಬೆಳೆದ ಒರೆ. ಹುಲಿ ಸುಮ್ಮನೆ ನಡೆಯುವಾಗ, ಮಲಗಿದಾಗ, ಮರಿಯನ್ನು ನೆಕ್ಕುವಾಗ ಈ ಉಗುರು ಕಾಣುವುದೇ ಇಲ್ಲ. ಎಳೆದರೆ ಹಿಗ್ಗಿ ಬಿಟ್ಟರೆ ಕುಗ್ಗುವ ಒಂದು ಪಟ್ಟಿ ಆ ಎಲುಬನ್ನು ಹಿಂದಕ್ಕೆ ಎಳೆದು ಹಿಡಿದಿರುತ್ತದೆ. ಆದ್ದರಿಂದಲೇ ಮಣ್ಣಿನ ಮೇಲೆ ಬಿದ್ದ ಹುಲಿಯ ಹೆಜ್ಜೆಯಲ್ಲಿ ಸಾಮಾನ್ಯವಾಗಿ ಉಗುರಿನ ಗುರುತು ಇರುವುದಿಲ್ಲ, ನಾಯಿಯ ಹೆಜ್ಜೆಯಲ್ಲಿ ಇರುತ್ತದೆ. ಉಗುರು ಹೊರಗೆ ಬರಬೇಕಾದರೆ ಹುಲಿಯೇ ಸ್ನಾಯು ಬಿಗಿಯಬೇಕು. ಎಂದರೆ ಒಳಗಿರುವುದು ಉಗುರಿನ ಸಹಜ ಸ್ಥಿತಿ, ಹೊರಬರುವುದು ಹುಲಿಯ ಪ್ರಯತ್ನ. ಅದು ಆಗಾಗ ಮರದ ಕಾಂಡವನ್ನು ಪರಚಿ ಹಳೆಯ ಪದರ ಉದುರಿಸುತ್ತದೆ, ಹೊಸ ಮೊನೆ ತೆರೆದುಕೊಳ್ಳುತ್ತದೆ. ಅದೇ ಪರಚಿದ ಗುರುತು ಈ ಜಾಗ ನನ್ನದು ಎಂದು ಮತ್ತೊಂದು ಹುಲಿಗೆ ಹೇಳುತ್ತದೆ. ಬೇಟೆ ಹಿಡಿಯುವುದು ಉಗುರಿನ ಕೆಲಸಗಳಲ್ಲಿ ಒಂದು ಮಾತ್ರ.

ಅದೇ ಕಾಡಿನ ಕರಡಿಯನ್ನು ನೋಡಿದರೆ ಲೆಕ್ಕವೇ ಬೇರೆ. ಅದರ ಉದ್ದನೆಯ ಉಗುರು ಒಳಗೆ ಸೇರುವುದಿಲ್ಲ, ಸದಾ ಹೊರಗೇ. ಗಟ್ಟಿಯಾದ ಹುತ್ತವನ್ನು ಅದು ಗುದ್ದಲಿಯಂತೆ ಅಗೆದು, ಮೂತಿ ಒಳಗಿಟ್ಟು ಗೆದ್ದಲನ್ನು ಹೀರುತ್ತದೆ. ಜೇನಿಗಾಗಿ ಮರ ಹತ್ತುತ್ತದೆ. ಇನ್ನು ಭೀಮಗಡದ ಬಾರಾಪೇಡೆ ಗುಹೆಗಳಲ್ಲಿ ಒಂದು ಅಪರೂಪದ ಬಾವಲಿ ಇದೆ, ರಾಟನ್‌ನ ಬಾವಲಿ ಎಂದು ಅದರ ಹೆಸರು. 1913ರಲ್ಲಿ ಆಲ್ಡ್‌ಫೀಲ್ಡ್ ಥಾಮಸ್ ಅದನ್ನು ಮೊದಲು ವರ್ಣಿಸಿದ್ದು ಇಲ್ಲಿನ ಮಾದರಿಯಿಂದಲೇ. ಬಾವಲಿಯ ಕಾಲಿನ ವ್ಯವಸ್ಥೆ ಹುಲಿಯದಕ್ಕೆ ಪೂರಾ ತಿರುವುಮುರುವು. ತಲೆಕೆಳಗಾಗಿ ತೂಗಿದಾಗ ದೇಹದ ಭಾರವೇ ಸ್ನಾಯುಬಂಧವನ್ನು ಎಳೆದು ಉಗುರನ್ನು ಬಂಡೆಗೆ ಬಿಗಿಸುತ್ತದೆ, ಆ ಬಿಗಿತ ಅಲ್ಲಿಗೇ ಬೀಗ ಹಾಕಿದಂತೆ ನಿಲ್ಲುತ್ತದೆ. ನಿದ್ದೆಯಲ್ಲೂ ಅದು ಬೀಳುವುದಿಲ್ಲ. ಹಿಡಿಯಲು ಶ್ರಮವಿಲ್ಲ, ಬಿಡಲು ಶ್ರಮ ಬೇಕು. ಒಂದೇ ಕಾಡಿನಲ್ಲಿ ಉಗುರು ಒಂದು ಪ್ರಾಣಿಗೆ ಸಂಯಮ, ಇನ್ನೊಂದಕ್ಕೆ ದುಡಿಮೆ, ಮತ್ತೊಂದಕ್ಕೆ ವಿಶ್ರಾಂತಿ. ಈ ಮೂರರಲ್ಲಿ ಯಾವುದೂ ಉಗುರೆಂಬ ವಸ್ತುವಿನೊಳಗೆ ತುಂಬಿಟ್ಟ ಗುಣವಲ್ಲ. ಎಲುಬು, ಪಟ್ಟಿ, ಸ್ನಾಯು, ಹಸಿವು, ಕಾಡು ಎಲ್ಲ ಸೇರಿದಾಗ ಹುಟ್ಟುವ ಸಂಬಂಧ ಅದು. ಲಾಕೆಟ್ ಮಾಡುವಾಗ ಅಕ್ಕಸಾಲಿಗರು ಉಗುರಿನ ಬುಡಕ್ಕೆ ಚಿನ್ನದ ಟೊಪ್ಪಿಗೆ ಹಾಕುತ್ತಾರೆ, ಎಷ್ಟೋ ಸಲ ಎರಡು ಉಗುರನ್ನು ಎದುರುಬದುರಾಗಿಟ್ಟು ಕಟ್ಟುತ್ತಾರೆ. ಚಿನ್ನ ಮುಚ್ಚಿದ ಆ ಜಾಗವೇ ಉಗುರು ಪ್ರಾಣಿಗೆ ಕೂಡಿಕೊಂಡಿದ್ದ ಜಾಗ. ಮೊನೆ ಮಾತ್ರ ನಮ್ಮ ಕಣ್ಣಿಗೆ ಬೀಳುತ್ತದೆ, ಅದನ್ನು ಹೊರತಂದು ಒಳಸೇರಿಸುತ್ತಿದ್ದ ಜೀವದ ಕೊಂಡಿ ಕಾಣುವುದಿಲ್ಲ.

ಇಲ್ಲಿ ಒಬ್ಬರು ಎದ್ದು ಕೇಳಬಹುದು: ಇದೆಲ್ಲ ಪ್ರಾಣಿಶಾಸ್ತ್ರ, ನಂಬಿಕೆಗೆ ಸ್ನಾಯುವಿನ ಲೆಕ್ಕ ಯಾಕೆ? ಹಾಗಾದರೆ ನಂಬಿಕೆಯ ಕತೆಯನ್ನೇ ತೆಗೆದುಕೊಳ್ಳೋಣ. ನಮ್ಮಲ್ಲಿ ಉಗುರಿನ ಮಹಿಮೆ ಹೇಳುವ ಕತೆ ನರಸಿಂಹನದು. ಗೋವೆಯ ಕದಂಬರು 12ನೇ ಶತಮಾನದಲ್ಲಿ ಹಲಸಿಯ ಗುಡಿಗೆ ನಡೆದುಕೊಂಡ ಕಾಲದಿಂದ ಇಂದಿನವರೆಗೂ ಈ ಸೀಮೆಯ ಮಕ್ಕಳು ಕೇಳಿ ಬೆಳೆದ ಕತೆ. ಹಿರಣ್ಯಕಶಿಪು ಕೇಳಿದ ವರವನ್ನು ಗಮನವಿಟ್ಟು ನೋಡಬೇಕು. ಮನುಷ್ಯನಿಂದಲೂ ಪ್ರಾಣಿಯಿಂದಲೂ ಸಾವು ಬೇಡ, ಒಳಗೂ ಹೊರಗೂ ಬೇಡ, ಹಗಲೂ ಇರುಳೂ ಬೇಡ, ಆಯುಧದಿಂದ ಬೇಡ, ಜೀವವಿರುವುದರಿಂದಲೂ ಇಲ್ಲದ್ದರಿಂದಲೂ ಬೇಡ. ಅವನು ತನಗೊಂದು ರಕ್ಷೆ ಕಟ್ಟಿಕೊಂಡ. ಸಾವು ಬರಬಹುದಾದ ದಾರಿಗಳನ್ನೆಲ್ಲ ಎಣಿಸಿ ಮುಚ್ಚಿ, ಇನ್ನು ನಾನು ಯಾರಿಗೂ ಅಂಜಬೇಕಾಗಿಲ್ಲ ಎಂದುಕೊಂಡ. ಆ ರಕ್ಷೆಯನ್ನು ಮುರಿದದ್ದು ಉಗುರು. ಉಗುರೇ ಏಕೆ ಬೇಕಾಯಿತು ಎಂದರೆ, ಕಮ್ಮಾರನ ಕುಲುಮೆಯಲ್ಲಿ ತಯಾರಾಗದ, ಒರೆಯಿಂದ ಕಿತ್ತು ಇನ್ನೊಬ್ಬರ ಕೈಗೆ ಕೊಡಲಾಗದ, ಜೀವವಿದೆ ಎಂದೂ ಇಲ್ಲ ಎಂದೂ ಹೇಳಲಾಗದ ವಸ್ತು ಅದೊಂದೇ. ಕತೆಯ ತರ್ಕವೆಲ್ಲ ನಿಂತಿರುವುದು ಉಗುರು ದೇಹದಲ್ಲೇ ಇದೆ ಎಂಬುದರ ಮೇಲೆ. ಕಿತ್ತು ಹಿಡಿಕೆ ಹಾಕಿ ಬಳಸಿದ್ದರೆ ಅದು ಆಯುಧವಾಗಿಬಿಡುತ್ತಿತ್ತು, ವರ ಗೆದ್ದುಬಿಡುತ್ತಿತ್ತು. ಹೀಗಿರುವಾಗ ಕಿತ್ತ ಉಗುರನ್ನು ಕೊರಳಿಗೆ ಕಟ್ಟಿಕೊಂಡು ನನಗಿನ್ನು ಭಯವಿಲ್ಲ ಎನ್ನುವವರು ಆ ಕತೆಯಲ್ಲಿ ನಿಲ್ಲುವುದು ನರಸಿಂಹನ ಕಡೆಗಲ್ಲ. ಪ್ರಹ್ಲಾದನ ಕೊರಳಲ್ಲಿ ಯಾವ ರಕ್ಷೆಯೂ ಇರಲಿಲ್ಲ, ಇದ್ದದ್ದು ಬಾಯಲ್ಲಿ ನಾಮ.

ನರಸಿಂಹನ ಉಗುರಿನಿಂದಲೇ ರಕ್ಷೆ ಬೇಡುವ ಸಂಪ್ರದಾಯವೂ ಕನ್ನಡ ನಾಡಿನಲ್ಲಿ ಇದೆ. ತ್ರಿವಿಕ್ರಮ ಪಂಡಿತಾಚಾರ್ಯರ ವಾಯುಸ್ತುತಿಗೆ ಮೊದಲೂ ಕೊನೆಗೂ ಮಧ್ವಾಚಾರ್ಯರ ನರಸಿಂಹ ನಖಸ್ತುತಿಯನ್ನು ಮಾಧ್ವರು ಹೇಳುತ್ತಾರೆ. ಎರಡೇ ಶ್ಲೋಕ, ಎರಡೂ ಆ ಉಗುರುಗಳ ಮೇಲೆಯೇ. ಉಗುರಿನ ರಕ್ಷೆ ಬೇಕೆಂದವರಿಗೆ ಆಚಾರ್ಯರು ಕೊಟ್ಟದ್ದು ನಾಲಿಗೆಯ ಮೇಲೆ ಇಟ್ಟುಕೊಳ್ಳುವ ಎರಡು ಶ್ಲೋಕ. ಅದಕ್ಕೆ ಹುಲಿ ಸಾಯಬೇಕಾಗಿಲ್ಲ. ಶೈವರಲ್ಲಿ ಇನ್ನೂ ಸೊಗಸಾದ ಕತೆಯೊಂದಿದೆ. ಚಿದಂಬರದ ವ್ಯಾಘ್ರಪಾದ ಮುನಿ ಬೆಳಗಾಗುವ ಮೊದಲೇ, ದುಂಬಿ ಮುಟ್ಟುವ ಮೊದಲೇ, ಶಿವನಿಗೆ ಹೂ ಕೊಯ್ಯಬೇಕೆಂದು ಹಂಬಲಿಸಿದ. ಇಬ್ಬನಿಯಲ್ಲಿ ಮರ ಜಾರುತ್ತದೆ, ಕತ್ತಲಲ್ಲಿ ಮುಳ್ಳು ಕಾಣುವುದಿಲ್ಲ. ಅದಕ್ಕಾಗಿ ಅವನು ಶಿವನಲ್ಲಿ ಹುಲಿಯ ಕಾಲನ್ನೇ ಬೇಡಿ ಪಡೆದ. ಹುಲಿಯ ಉಗುರು ಬೇಕೆನಿಸಿದ ಭಕ್ತ ಹುಲಿಯನ್ನು ಕೊಲ್ಲಲಿಲ್ಲ, ತನ್ನ ದೇಹವನ್ನೇ ಬದಲಿಸಿಕೊಂಡ. ಆ ಉಗುರಿನಿಂದ ಅವನು ಮಾಡಿದ್ದು ಮರ ಹತ್ತುವ ಕೆಲಸ, ಹೂ ಬಿಡಿಸುವ ಕೆಲಸ. ಹುಲಿಯ ಪಾದವೆಂದರೆ ಕೊಲ್ಲುವ ಪಾದ ಎಂದಷ್ಟೇ ತಿಳಿದವರಿಗೆ ಈ ಕತೆ ಹೊಳೆಯುತ್ತಿರಲಿಲ್ಲ. ಇದನ್ನು ಮೊದಲು ಹೇಳಿದವರು ಹುಲಿ ಮರ ಪರಚುವುದನ್ನು ಎಲ್ಲೋ ಕಣ್ಣಾರೆ ಕಂಡಿರಬೇಕು ಎಂದು ನನಗೆ ಅನಿಸುತ್ತದೆ.

ಆದರೂ ಹಳೆಯ ರೂಢಿಯನ್ನು ಹೀಗೆ ಕತೆಗಳಿಂದ ತಳ್ಳಿಹಾಕಲಾಗದು. ಬಾಲಕೃಷ್ಣನಿಗೆ ಹುಲಿಯುಗುರಿನ ಒಡವೆ ತೊಡಿಸಿ ಕಂಡವರು ನಮ್ಮ ಹಿರಿಯರೇ. ಹುಟ್ಟಿದ ಮಕ್ಕಳಲ್ಲಿ ಎಷ್ಟೋ ಕೂಸು ವರ್ಷ ತುಂಬುವುದರೊಳಗೆ ಹೋಗುತ್ತಿದ್ದ ಕಾಲದಲ್ಲಿ ತಾಯಿ ಕಂಡಕಂಡದ್ದಕ್ಕೆಲ್ಲ ಮೊರೆಹೋದಳು. ಬಜೆ ಕಟ್ಟಿದಳು, ಕಪ್ಪು ದಾರ ಕಟ್ಟಿದಳು, ಕೆನ್ನೆಗೆ ದೃಷ್ಟಿಬೊಟ್ಟು ಇಟ್ಟಳು, ಸಿಕ್ಕಿದರೆ ಹುಲಿಯುಗುರನ್ನೂ ಕಟ್ಟಿದಳು. ಆ ಭಯವನ್ನು ಹಗುರವಾಗಿ ಕಾಣುವ ಹಕ್ಕು ಲಸಿಕೆಯ ಕಾಲದ ನಮಗೆ ಇಲ್ಲ. ಆದರೆ ಆ ತಾಯಿ ಕಟ್ಟಿದವುಗಳಲ್ಲಿ ಒಂದು ವ್ಯತ್ಯಾಸ ಇದೆ. ಬಜೆ, ದಾರ, ಬೊಟ್ಟು ಎಲ್ಲರಿಗೂ ಸಿಗುತ್ತವೆ. ಕೂಲಿಯವಳ ಕೂಸಿಗೂ ಸಿಗುತ್ತವೆ. ಹುಲಿಯುಗುರು ಯಾವತ್ತೂ ಹಾಗಿರಲಿಲ್ಲ. 2022ರ ಗಣತಿಯ ಪ್ರಕಾರ ಕರ್ನಾಟಕದಲ್ಲಿ ಅಂದಾಜು 563 ಹುಲಿಗಳಿವೆ. ಅವನ್ನೆಲ್ಲ ಕೊಂದು ಉಗುರು ಕಿತ್ತರೂ ಸಿಗುವುದು 10,134. ಬೆಳಗಾವಿ ನಗರದ ಕೂಸುಗಳಿಗೇ ಅದು ಸಾಲದು. ಎಂದರೆ ಎಲ್ಲರೂ ನಂಬಿ ನಡೆದುಕೊಂಡರೆ ಒಂದೇ ತಲೆಮಾರಿನಲ್ಲಿ ಮುಗಿದುಹೋಗುವ ನಂಬಿಕೆ ಇದು. ಕೆಲವರು ಮಾತ್ರ ತೊಟ್ಟುಕೊಂಡು ಉಳಿದವರು ತೊಡದೆ ಇದ್ದಾಗಷ್ಟೇ ಅದು ಬದುಕುತ್ತದೆ. ವಿಭೂತಿ, ತುಳಸಿ, ಗಂಗೋದಕ ಇವನ್ನು ಧರ್ಮ ಸಾಧನವೆಂದು ಹಿಡಿದದ್ದು ಅವು ಹಂಚಿದಷ್ಟೂ ಹರಡುವಂಥವು ಎಂಬ ಕಾರಣಕ್ಕೂ ಹೌದು. ಹಂಚಲಾಗದ್ದು ಅಂತಸ್ತಿನ ಗುರುತಾಗುತ್ತದೆ. ಇಂದು ಚಿನ್ನದ ದಪ್ಪ ಸರಕ್ಕೆ ತೂಗಿ, ಅಂಗಿಯ ಎರಡು ಗುಂಡಿ ಬಿಚ್ಚಿ ತೋರಿಸುವ ಲಾಕೆಟ್ಟಿಗೂ ಆ ತಾಯಿಯ ಭಯಕ್ಕೂ ಯಾವ ನಂಟೂ ಉಳಿದಿಲ್ಲ. ದೃಷ್ಟಿ ತಾಗದಿರಲೆಂದು ಕಟ್ಟುತ್ತಿದ್ದದ್ದು ಈಗ ದೃಷ್ಟಿ ಸೆಳೆಯಲೆಂದು ತೊಡುವ ವಸ್ತುವಾಗಿದೆ.

ಇದಕ್ಕಿಂತ ಬಲವಾದ ಆಕ್ಷೇಪ ಇನ್ನೊಂದು. ಪ್ರಾಣಿಯ ಮೈಯಿಂದ ಬಂದದ್ದನ್ನು ಬಳಸದ ಧರ್ಮ ಎಲ್ಲಿದೆ? ಶಿವ ತೊಟ್ಟಿರುವುದು ಹುಲಿಯ ಚರ್ಮ. ಗೀತೆಯ ಆರನೇ ಅಧ್ಯಾಯ ಧ್ಯಾನಕ್ಕೆ ಕೂರುವವನ ಆಸನದಲ್ಲಿ ದರ್ಭೆ, ಬಟ್ಟೆಗಳ ಜೊತೆಗೆ ಚರ್ಮವನ್ನೂ ಹೇಳುತ್ತದೆ. ಶಂಖ ಒಂದು ಜೀವಿಯ ಮನೆ, ಮಡಿಯ ರೇಷ್ಮೆ ಹುಳುವಿನ ಗೂಡು, ಮದ್ದಳೆಗೆ ಚರ್ಮ ಬೇಕೇ ಬೇಕು. ಉಗುರಿಗೆ ಮಾತ್ರ ಏಕೆ ತಡೆ? ಈ ಆಕ್ಷೇಪದಲ್ಲಿ ನಿಜವಿದೆ, ಅದರಲ್ಲೂ ರೇಷ್ಮೆಯ ವಿಷಯದಲ್ಲಿ ಸುಲಭದ ಉತ್ತರ ನನ್ನಲ್ಲಿಲ್ಲ. ಆದರೆ ಬಳಕೆ ಎಂದರೆ ಎಲ್ಲವೂ ಒಂದೇ ಅಲ್ಲ ಎಂಬುದನ್ನು ಬೀಡಿಯ ಪಕ್ಕದ ಕಕ್ಕೇರಿಯಲ್ಲಿ ನಿಂತು ಯೋಚಿಸಿದರೆ ತಿಳಿಯುತ್ತದೆ. ಕಲ್ಯಾಣದ ಕ್ರಾಂತಿಯ ನಂತರ ಉಳವಿಯತ್ತ ಹೊರಟ ಶರಣರ ಜೊತೆ ಈ ಸೀಮೆಗೆ ಬಂದ ಕಕ್ಕಯ್ಯನವರು ಚರ್ಮ ಹದ ಮಾಡುವ ಡೋಹರ ಕುಲದವರು. ಸತ್ತ ದನದ ತೊಗಲನ್ನು ಸುಣ್ಣದಲ್ಲಿ ನೆನೆಸಿ, ಕೂದಲು ತೆಗೆದು, ತೊಗಟೆಯ ನೀರಿನಲ್ಲಿ ಹದಗೊಳಿಸುವ ಆ ದುಡಿಮೆಯನ್ನು ಊರು ಹೊರಗಿಟ್ಟಿತ್ತು, ಶರಣರು ಕಾಯಕವೆಂದು ಒಳಗೆ ಕರೆದುಕೊಂಡರು. ಅಲ್ಲಿ ಪ್ರಾಣಿಯ ದೇಹ ಇನ್ನೊಬ್ಬರ ಕಾಲಿಗೆ ಕೆರವಾಯಿತು, ಹೊಲಕ್ಕೆ ನೀರೆತ್ತುವ ಬಾವಿಗೆ ಕಪಿಲೆಯ ಚೀಲವಾಯಿತು. ಸತ್ತದ್ದು ದುಡಿಮೆಯಿಂದ ಉಪಯೋಗಕ್ಕೆ ಬಂದಿತು, ಅದರಲ್ಲಿ ದನದ ಶಕ್ತಿ ಇದೆಯೆಂದು ಯಾರೂ ಹೇಳಲಿಲ್ಲ. ಗೀತೆ ಹೇಳಿದ ಚರ್ಮವೂ ಅಷ್ಟೇ: ನೆಲದ ತಂಡಿ ಮೈಗೆ ತಾಗದಿರಲು ಹಾಸುವ ವಸ್ತು. ಆ ಚರ್ಮದಿಂದ ಧ್ಯಾನ ಬರುತ್ತದೆ ಎಂದು ಅಲ್ಲಿಲ್ಲ. ಉಗುರಿನ ಲಾಕೆಟ್ ಕಾಲನ್ನು ಮುಳ್ಳಿನಿಂದ ಕಾಯುವುದಿಲ್ಲ, ಮೈಯನ್ನು ಚಳಿಯಿಂದ ಕಾಯುವುದಿಲ್ಲ. ಇನ್ನೊಂದು ಜೀವದ ಶೌರ್ಯ ತನಗೆ ಬಂದಿತೆಂದು ಹೇಳಿಕೊಳ್ಳುವುದು ಬಿಟ್ಟರೆ ಅದಕ್ಕೆ ಬೇರೆ ಉಪಯೋಗವೇ ಇಲ್ಲ. ಶರಣರು ಮೈಮೇಲೆ ಧರಿಸಿದ ಇಷ್ಟಲಿಂಗ ಧರಿಸಿದವನಿಂದ ಪ್ರತಿದಿನ ಪೂಜೆ ಕೇಳುತ್ತದೆ, ನಡತೆ ಕೇಳುತ್ತದೆ. ಉಗುರು ಧರಿಸಿದವನಿಂದ ಏನನ್ನೂ ಕೇಳುವುದಿಲ್ಲ.

ತಾನಾಗಿ ಸತ್ತ ಹುಲಿಯ ಉಗುರಾದರೆ ಹಿಂಸೆ ಎಲ್ಲಿ ಬಂತು ಎಂದು ಕೇಳುವವರು ಬಹಳ. ಅಜ್ಜ ತಂದದ್ದು, ಆಗ ಕಾನೂನೇ ಇರಲಿಲ್ಲ, ಈಗ ನಾನು ಬಿಸಾಡಿದರೆ ಸತ್ತ ಹುಲಿ ಎದ್ದು ಬರುತ್ತದೆಯೇ ಎಂಬುದೂ ಅದೇ ಜಾತಿಯ ಪ್ರಶ್ನೆ. ಒಂದು ಉಗುರನ್ನು ಒಂಟಿಯಾಗಿಟ್ಟು ನೋಡಿದರೆ ಇದಕ್ಕೆ ಉತ್ತರವಿಲ್ಲ. ಆದರೆ ಅದು ಒಂಟಿಯಾಗಿರುವುದಿಲ್ಲ. ಖಾನಾಪುರದ ಗಡಿಗೆ ಹೊಂದಿಕೊಂಡ ಗೋವೆಯ ಮಹದಾಯಿ ಅಭಯಾರಣ್ಯದಲ್ಲಿ, ಸತ್ತರಿ ತಾಲ್ಲೂಕಿನ ಗೋಳಾವಳಿಯ ಬಳಿ, 2020ರ ಜನವರಿಯಲ್ಲಿ ಒಂದು ಹೆಣ್ಣು ಹುಲಿ ಮತ್ತು ಅದರ ಮೂರು ಮರಿಗಳು ವಿಷದಿಂದ ಸತ್ತು ಸಿಕ್ಕವು. ಸಾಕಿದ ದನವನ್ನು ಹುಲಿ ಹಿಡಿದ ಸಿಟ್ಟಿಗೆ ಮಾಂಸಕ್ಕೆ ವಿಷ ಹಾಕಲಾಗಿತ್ತು. ಅದೇ ಸೀಮೆಯಲ್ಲಿ, ಗೋವೆಯಿಂದ ಜೋಯಿಡಾದವರೆಗೆ, ಕಾಡಿನಂಚಿನ ಜನ ಹುಲಿಯನ್ನು ದೇವರೆಂದು ಕಲ್ಲಿಟ್ಟು ಪೂಜಿಸುತ್ತ ಬಂದಿದ್ದಾರೆ. ಪೂಜೆ ಮತ್ತು ವಿಷ ಒಂದೇ ನೆಲದಲ್ಲಿ ಇದ್ದದ್ದನ್ನು ಕಂಡು ಪಟ್ಟಣದವರು ಬೆರಳು ತೋರಿಸುವುದು ಸುಲಭ. ಒಂದು ಎಮ್ಮೆ ಹೋದರೆ ಒಂದು ವರ್ಷದ ಅನ್ನ ಹೋಗುವ ಮನೆಯವರ ಕಷ್ಟ ಗೊತ್ತಿದ್ದವರು ಆ ವಿಷವನ್ನು ಒಪ್ಪದಿದ್ದರೂ ಅದರ ಹಿಂದಿನ ನೋವನ್ನು ಅರ್ಥಮಾಡಿಕೊಳ್ಳಬಲ್ಲರು. ಆದರೆ ಸತ್ತ ಹುಲಿಯ ಉಗುರುಗಳು ಕಾಣೆಯಾಗಿದ್ದವು ಎಂಬುದು ಆಗ ದೊಡ್ಡ ಸುದ್ದಿಯಾಗಿತ್ತು. ವಿಷಕ್ಕೆ ಕಳೆದುಕೊಂಡ ದನ ಕಾರಣ ಎನ್ನಬಹುದು. ಉಗುರು ಕಿತ್ತದ್ದಕ್ಕೆ ಯಾವ ದನ ಕಾರಣ? ಆ ಕೈಗೆ ಉಗುರಿಗೊಂದು ಬೆಲೆ ಇದೆ ಎಂದು ಹೇಳಿಕೊಟ್ಟವರು ಕಾಡಿನಲ್ಲಿಲ್ಲ. ಅಜ್ಜನ ಕಾಲದ ಉಗುರನ್ನು ಮದುವೆ ಮನೆಯಲ್ಲಿ, ಸಿನಿಮಾ ಪೋಸ್ಟರಿನಲ್ಲಿ, ಪೀಠದ ಮೇಲೆ ತೊಟ್ಟು ಕೂತವರು ಹೇಳಿಕೊಟ್ಟರು. ಅವರ ಉಗುರು ಎಷ್ಟೇ ಹಳೆಯದಿರಲಿ, ಅದು ಹುಟ್ಟಿಸುವ ಆಸೆ ಇವತ್ತಿನದು. ಕರ್ಮವನ್ನು ನಂಬುವವರು ಕೊಂದವನಿಗೆ ಮಾತ್ರ ಪಾಪ ಎಂದು ಲೆಕ್ಕ ಮುಗಿಸುವಂತಿಲ್ಲ. ಮಾಡಿದವ, ಮಾಡಿಸಿದವ, ಒಪ್ಪಿ ಸಂತೋಷಪಟ್ಟವ ಮೂವರನ್ನೂ ಜೈನಶಾಸ್ತ್ರ ಹಿಂಸೆಯಲ್ಲಿ ಪಾಲುದಾರರೆಂದೇ ಎಣಿಸುತ್ತದೆ.

ಹಾಗಾದರೆ ನಕಲಿ ಉಗುರು? ಮಾರುಕಟ್ಟೆಯಲ್ಲಿ ದನದ ಗೊರಸು, ಕೊಂಬು, ಪ್ಲಾಸ್ಟಿಕ್‌ನಲ್ಲಿ ಕೆತ್ತಿದ ಉಗುರುಗಳೂ ಬೇಕಾದಷ್ಟಿವೆ. ಅವುಗಳಿಂದ ಹುಲಿಗೆ ತೊಂದರೆಯಿಲ್ಲ, ಧರ್ಮಕ್ಕೂ ಇಲ್ಲ ಎನ್ನಬಹುದೇ? ಪ್ರಾಣಿಯ ಬದಲು ಪ್ರತಿರೂಪ ಸಾಕೇ ಎಂಬ ಈ ವಿಚಾರವನ್ನು ಕನ್ನಡ ನಾಡು ಬಹಳ ಹಿಂದೆಯೇ ಆಳವಾಗಿ ಚರ್ಚಿಸಿದೆ, ಅದೂ ಎರಡು ಬೇರೆ ಬೇರೆ ದಿಕ್ಕಿನಿಂದ. ಮಾಧ್ವ ಸಂಪ್ರದಾಯ ಯಜ್ಞದಲ್ಲಿ ಜೀವಂತ ಪಶುವನ್ನು ಬಿಟ್ಟು ಹಿಟ್ಟಿನ ಪಶುವನ್ನು ತಂದಿತು. ಶಾಸ್ತ್ರವನ್ನೂ ಉಳಿಸಿ, ಪ್ರಾಣಿಯನ್ನೂ ಉಳಿಸಿದ ದೊಡ್ಡ ಹೆಜ್ಜೆ ಅದು. 1209ರಲ್ಲಿ ಜನ್ನ ಬರೆದ ಯಶೋಧರ ಚರಿತೆ ಅದಕ್ಕಿಂತ ಕಠಿಣವಾದ ಪ್ರಶ್ನೆ ಎತ್ತುತ್ತದೆ. ದೇವಿಗೆ ಬಲಿ ಕೊಡಬೇಕೆಂದು ತಾಯಿ ಹಟ ಹಿಡಿದಾಗ ಯಶೋಧರ ನಿಜವಾದ ಕೋಳಿಯನ್ನು ಬಿಟ್ಟು ಹಿಟ್ಟಿನ ಕೋಳಿಯನ್ನು ಕಡಿಯುತ್ತಾನೆ. ಆ ಸಂಕಲ್ಪಹಿಂಸೆಯಿಂದಲೇ ತಾಯಿ ಮಗ ಇಬ್ಬರೂ ಪ್ರಾಣಿಜನ್ಮಗಳಲ್ಲಿ ತೊಳಲುತ್ತಾರೆ. ಕತ್ತಿ ಹಿಟ್ಟಿನ ಮೇಲೆ ಬಿದ್ದರೂ ಮನಸ್ಸು ಕೊಂದಿತ್ತು ಎಂಬುದು ಜನ್ನನ ನಿಲುವು. ಈ ಎರಡು ನಿಲುವುಗಳನ್ನು ಪಕ್ಕಪಕ್ಕದಲ್ಲಿ ಇಟ್ಟರೆ ನಕಲಿ ಉಗುರಿನ ಬಗ್ಗೆ ನ್ಯಾಯವಾದ ತೀರ್ಮಾನ ಸಾಧ್ಯ. ನರಸಿಂಹನನ್ನು ನೆನೆಯಲು ಬೆಳ್ಳಿಯಲ್ಲಿ ಉಗುರು ಮಾಡಿಸಿ, ಬೆಳ್ಳಿಯೆಂದು ಹೇಳಿ ಧರಿಸುವವರಲ್ಲಿ ತಪ್ಪು ಕಾಣುವುದಿಲ್ಲ. ನಮ್ಮ ಗುಡಿಗಳ ನರಸಿಂಹನ ಉಗುರೇ ಕಲ್ಲಿನದು. ಅದರಿಂದ ಯಾರ ಭಕ್ತಿಯೂ ಕಡಿಮೆಯಾಗಿಲ್ಲ. ನೋಡಿದವರು ನಿಜವಾದ ಹುಲಿಯದೆಂದೇ ತಿಳಿಯಲಿ ಎಂದು ಪ್ಲಾಸ್ಟಿಕ್ ತೊಡುವವರ ಕತೆ ಬೇರೆ, ಅವರು ಹಿಟ್ಟಿನ ಕೋಳಿ ಕಡಿದವರ ಸಾಲಿಗೆ ಸೇರುತ್ತಾರೆ. ಸತ್ತ ಹುಲಿ ಇಲ್ಲದಿದ್ದರೂ ಸತ್ತ ಹುಲಿಯ ಆಸೆ ಅಲ್ಲಿದೆ, ಆ ಆಸೆಯನ್ನು ಅವರು ನಾಲ್ಕು ಜನಕ್ಕೆ ಹಂಚುತ್ತಿದ್ದಾರೆ.

ಕೊನೆಗೆ ಉಳಿಯುವ ಆಕ್ಷೇಪ ಹುಲಿಯ ಮೇಲೆಯೇ. ಉಗುರೆಂದರೆ ಹಿಂಸೆಯ ಸಾಧನ ತಾನೇ? ಅಹಿಂಸೆಯ ಹೆಸರಿನಲ್ಲಿ ಹಿಂಸೆಯ ಸಾಧನವನ್ನು ಹೊಗಳುವುದು ಎಷ್ಟು ಸರಿ? ಖಾನಾಪುರದ ಕಾಡಂಚಿನಲ್ಲಿ ಕಟ್ಟಿಗೆಗೋ ಹೊಲಕ್ಕೋ ಹೋಗಿ ಕರಡಿಯ ಕೈಗೆ ಸಿಕ್ಕು ಮುಖ ಕಳೆದುಕೊಂಡವರಿಗೆ ಉಗುರಿನ ತತ್ತ್ವ ಹೇಳಲು ಬಾಯಿ ಬರುವುದಿಲ್ಲ. ಅವರಿಗೆ ಚಿಕಿತ್ಸೆ ಸಿಗಬೇಕು, ಪರಿಹಾರ ಸಿಗಬೇಕು, ಅದೂ ಅಲೆದಾಡಿಸದೆ ಸಿಗಬೇಕು. ಕಾಡು ಉಳಿಯಲಿ ಎಂದು ಬಯಸುವ ನಾವು ಅವರ ಪರವಾಗಿ ಮೊದಲು ದನಿ ಎತ್ತಬೇಕು. ಆದರೆ ತತ್ತ್ವದ ಪ್ರಶ್ನೆಗೆ ಹಲಸಿಯಲ್ಲೇ ಒಂದು ಉತ್ತರ ಇದೆ. ಆದಿಕದಂಬರ ಕಾಲದಲ್ಲಿ ಪಲಾಶಿಕಾ ಎನಿಸಿದ್ದ ಈ ಊರಲ್ಲಿ ಮೃಗೇಶವರ್ಮ ತಂದೆಯ ನೆನಪಿಗೆ ಜಿನಾಲಯ ಕಟ್ಟಿಸಿ ಯಾಪನೀಯ, ನಿರ್ಗ್ರಂಥ, ಕೂರ್ಚಕ ಪಂಥಗಳವರಿಗೆ ಭೂಮಿ ಬಿಟ್ಟ. ಮಳೆಗಾಲದ ನಾಲ್ಕು ತಿಂಗಳು ಯತಿಗಳಿಗೆ ಅನ್ನ ನಡೆಯಬೇಕೆಂದು ಅವನ ಮಗ ರವಿವರ್ಮ ತಾಮ್ರಪಟದಲ್ಲಿ ಕಟ್ಟಳೆ ಮಾಡಿದ. ಮಳೆಗಾಲದಲ್ಲಿ ಯತಿಗಳು ಒಂದೆಡೆ ನಿಲ್ಲುವುದು ನಡೆವ ಕಾಲಡಿ ಹುಳುಹುಪ್ಪಟೆ ಸಾಯದಿರಲಿ ಎಂದು. ಇಷ್ಟು ಸೂಕ್ಷ್ಮವಾದ ಅಹಿಂಸೆಯ ಧರ್ಮ ತನ್ನ ಕೊನೆಯ ತೀರ್ಥಂಕರನಿಗೆ ಕೊಟ್ಟ ಲಾಂಛನ ಸಿಂಹ. ಮಹಾವೀರನ ಹಿಂದಿನ ಜನ್ಮವೊಂದು ಸಿಂಹದ ಜನ್ಮ ಎನ್ನುತ್ತದೆ ದಿಗಂಬರ ಪರಂಪರೆ. ಬೇಟೆಯ ನಡುವೆ ಚಾರಣ ಮುನಿಗಳ ಮಾತು ಕೇಳಿ ಆ ಸಿಂಹ ಎಚ್ಚರಗೊಂಡು ವ್ರತ ಹಿಡಿಯಿತು, ಕೊಲ್ಲುವುದನ್ನು ಬಿಟ್ಟಿತು. ಅದರ ಉಗುರನ್ನು ಯಾರೂ ಕೀಳಲಿಲ್ಲ. ಉಗುರು ಇದ್ದೂ ಅದನ್ನು ಹೊರಗೆ ತೆಗೆಯದಿರುವುದರಲ್ಲಿ ಅದರ ವ್ರತ ಇತ್ತು. ಹುಲಿ ಹಸಿವಿಗೆ ಕೊಲ್ಲುತ್ತದೆ, ಉಂಡ ಮೇಲೆ ಉಗುರು ಒಳಗೆ ಹೋಗುತ್ತದೆ. ಮನುಷ್ಯನ ಕೊರಳಿಗೆ ಬಂದ ಉಗುರಿಗೆ ಮಾತ್ರ ಒಳಗೆ ಹೋಗುವ ದಾರಿ ಇಲ್ಲ, ಅದು ಸದಾ ಹೊರಗೆ ಚಾಚಿದ ಉಗುರು. 1659ರಲ್ಲಿ ಪ್ರತಾಪಗಡದಲ್ಲಿ ಶಿವಾಜಿ ಮಹಾರಾಜರು ಬಳಸಿದರೆನ್ನುವ ಉಕ್ಕಿನ ವಾಘನಖ ಕೂಡ ಅಂಗೈಯೊಳಗೆ ಮಡಚಿ ಮುಚ್ಚಿಡುವ ಆಯುಧ. ತೋರಿಸಿಕೊಂಡು ಓಡಾಡುವ ಒಡವೆಯಲ್ಲ ಎಂಬುದನ್ನು ಈ ಗಡಿ ಸೀಮೆಯಲ್ಲಿ ಅವರ ಹೆಸರು ಹೇಳಿ ಉಗುರು ತೊಡುವವರು ನೆನೆಯಬೇಕು.

ಮನೆಯಲ್ಲಿ ಈಗಾಗಲೇ ಇರುವ ಉಗುರನ್ನು ಏನು ಮಾಡಬೇಕೆಂಬ ಚಿಂತೆ ಹಲವರದು. ಕಾಯ್ದೆಗೆ 2022ರಲ್ಲಿ ಬಂದ ತಿದ್ದುಪಡಿಯಂತೆ, ಪ್ರಮಾಣಪತ್ರ ಇರುವವರು ಇಂಥ ವಸ್ತುಗಳನ್ನು ಸ್ವಇಚ್ಛೆಯಿಂದ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಒಪ್ಪಿಸಬಹುದು, ಅದಕ್ಕೆ ಪರಿಹಾರಧನ ಇಲ್ಲ. ಪ್ರಮಾಣಪತ್ರವೇ ಇಲ್ಲದವರಿಗೆ ರಾಜ್ಯ ಸರ್ಕಾರ 2024ರ ಆರಂಭದಲ್ಲಿ ಹಿಂದಿರುಗಿಸಲು ಕಾಲಾವಕಾಶ ಪ್ರಕಟಿಸಿತ್ತು. ಅಜ್ಜನ ಕೈಯಿಂದ ಬಂದದ್ದನ್ನು ಸರ್ಕಾರಕ್ಕೆ ಕೊಟ್ಟರೆ ಮನೆದೇವರಿಗೆ ಅಪಚಾರವಾದೀತೇ ಎಂದು ಅಂಜುವವರು ಅಸ್ಸಾಮಿನ ಕಡೆ ನೋಡಬಹುದು. 2021ರ ಸೆಪ್ಟೆಂಬರ್ 22ರಂದು ಅಲ್ಲಿನ ಬೋಕಾಖಾತ್‌ನಲ್ಲಿ 2,479 ಘೇಂಡಾಮೃಗದ ಕೊಂಬುಗಳನ್ನು ಸುಟ್ಟರು. ಮದ್ದೆಂದೂ ಮಾಂತ್ರಿಕವೆಂದೂ ಜನ ನಂಬಿ ಪ್ರಾಣಿಯನ್ನು ಕೊಲ್ಲಿಸಿದ ಕೊಂಬುಗಳವು. ಆ ಚಿತೆಗಳಿಗೆ ಬೆಂಕಿ ಇಡುವಾಗ ಮಂತ್ರ ಹೇಳಿಸಿದರು, ಸತ್ತ ಪ್ರಾಣಿಗೆ ಸಂಸ್ಕಾರ ಮಾಡುವಂತೆ ವಿಧಿಪೂರ್ವಕವಾಗಿ ನಡೆಸಿದರು. ನಮ್ಮಲ್ಲೂ ಹಾಗೆ ಮಾಡಲು ಅಡ್ಡಿ ಏನಿದೆ? ಭಗ್ನವಾದ ಮೂರ್ತಿಯನ್ನು ಪೂಜೆ ಮಾಡಿಯೇ ವಿಸರ್ಜಿಸುವ ಪದ್ಧತಿ ಪ್ರತಿ ಮನೆಯಲ್ಲೂ ಇದೆ. ಬೀಡಿ, ನಂದಗಡ, ಖಾನಾಪುರದ ಯಾವುದಾದರೂ ಮನೆಯ ಪೆಟ್ಟಿಗೆಯಲ್ಲಿ ಅಂಥ ಉಗುರಿದ್ದರೆ, ಮನೆಯವರು ಅದಕ್ಕೆ ಒಂದು ಹೂವಿಟ್ಟು ಆ ಹುಲಿಯ ಕ್ಷಮೆ ಕೇಳಲಿ; ಚಿನ್ನದ ಟೊಪ್ಪಿಗೆಯನ್ನು ಅಕ್ಕಸಾಲಿಗರಿಂದ ಬಿಡಿಸುವ ಗೊಡವೆಗೂ ಹೋಗದೆ, ವಕೀಲರನ್ನು ಕೇಳಿಕೊಂಡು ಅರಣ್ಯ ಅಧಿಕಾರಿಗಳಿಗೆ ತಿಳಿಸಿ ಒಪ್ಪಿಸಲಿ. ಊರಿನ ಗುರುಗಳು, ಗುಡಿಯ ಅರ್ಚಕರು, ಬಸದಿಯ ಪಂಡಿತರು ಮುಂದೆ ನಿಂತು ಈ ಕೆಲಸ ಮಾಡಿಸಿದರೆ ಜೈಲಿನ ಹೆದರಿಕೆಗಿಂತ ಹೆಚ್ಚಿನ ಪರಿಣಾಮ ಆದೀತು, ಏಕೆಂದರೆ ಉಗುರು ಕೊರಳಿಗೆ ಏರಿದ್ದು ಅವರ ಹಿಂದಿನವರ ಮೌನದ ಒಪ್ಪಿಗೆಯಿಂದಲೂ ಹೌದು.